ಒರಗಿ ನಿಂತಿದ್ದ ಗೋಡೆ

ಜೆ.ಪಿ. ನಗರದಲ್ಲಿ ನಮ್ಮ ಮನೆಗೆ ಪಾಯ ತೋಡಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಆಗ ನಾವು ತ್ಯಾಗರಾಜನಗರದ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಭಾನುವಾರ ಬಂತೆಂದರೆ ಅಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸೈಟಿನ ಹತ್ತಿರ ಹೋಗುತ್ತಿದ್ದರು. ಒಂದು ಭಾನುವಾರ ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ರಾಗಿ ಹೊಲಗಳ ನಡುವಿನ ಲಾರಿ ದಾರಿಯಲ್ಲಿ, ಪಾಯದ ಕಲ್ಲು ನೋಡಲು ಹೋದೆವು.

ಅದೊಂದು ಕಲ್ಲು ಕ್ವಾರಿ. ಸುತ್ತಲಿನವರೆಲ್ಲ ಅದನ್ನು 'ಬಂಡೆ' ಎಂದೇ ಕರೆಯುತ್ತಿದ್ದರು. ಬಂಡೆ ಕರಗಿ ಹಳ್ಳವಾಗಿ ಎಷ್ಟೋ ವರ್ಷವಾಗಿತ್ತು, ಆದರೂ ಹೆಸರು ಬದಲಾಗಿರಲಿಲ್ಲ. ಪೂರ್ವದ ಕಡೆಯಿಂದ ಲಾರಿ ಇಳಿಯುವ ಇಳಿಜಾರು, ಉಳಿದ ಮೂರು ಕಡೆ ಕಡಿದ ಗೋಡೆ. ಆಳ ಎರಡು ತೆಂಗಿನಮರದಷ್ಟು ಇದ್ದಿರಬೇಕು. ಮೇಲೆ ಹೆಂಗಸರು ಸಾಲಾಗಿ ಕೂತು, ಸೈಕಲ್ ಟೈರಿನ ತುಂಡಿನ ಬಳೆಯೊಳಗೆ ಕಲ್ಲಿಟ್ಟು ಜಲ್ಲಿ ಒಡೆಯುತ್ತಿದ್ದರು.

ಕಲ್ಲಿನ ಮೇಸ್ತ್ರಿ ಅಪ್ಪನಿಗಿಂತ ಐದಾರು ವರ್ಷ ದೊಡ್ಡವರು. ತೆಳ್ಳಗೆ, ಎತ್ತರಕ್ಕೆ ಇದ್ದರು. ಹುಬ್ಬಿನ ಕೂದಲಿನಲ್ಲೂ ಕಲ್ಲಿನ ಪುಡಿ. ಗಾಡಿಗೆ ಏರಿಸುವ ಮುಂಚೆ ಒಂದೊಂದು ಕಲ್ಲಿಗೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತಿದ್ದರು. ಠಣ್ ಎಂದರೆ ಗಾಡಿಗೆ, ಡಬ್ ಎಂದರೆ ಪಕ್ಕಕ್ಕೆ.

"ನೋಡಕ್ಕೆ ಎಲ್ಲಾ ಒಂದೇ ಥರ ಇದೆಯಲ್ಲಪ್ಪ," ಎಂದರು ಅಪ್ಪ.

"ನೋಡಿದ್ರೆ ಗೊತ್ತಾಗಲ್ಲ ಸಾರ್. ಒಳಗೆ ಕೂದಲೆಳೆ ಬಿರುಕು ಇರುತ್ತೆ. ಕಲ್ಲು ತಾನೇ ಹೇಳುತ್ತೆ."

ಹಿಂತಿರುಗುವ ದಾರಿಯುದ್ದಕ್ಕೂ ಅಪ್ಪ ಅವರ ಮಾತೇ ಆಡಿದರು. ವ್ಯಾಪಾರದಲ್ಲಿ ಇಂಥವರು ಸಿಗುವುದಿಲ್ಲ ಎಂದರು.

ನಾನು ಭೂವಿಜ್ಞಾನ ಓದಿದ್ದಕ್ಕೂ ಆ ಕ್ವಾರಿಗೂ ಸಂಬಂಧವಿಲ್ಲ. ಪಿಯುಸಿಯಲ್ಲಿ ಮೆಡಿಕಲ್‌ಗೆ ಸಾಕಾಗುವಷ್ಟು ಅಂಕ ಬರಲಿಲ್ಲ. ಬಿ.ಎಸ್ಸಿ.ಯಲ್ಲಿ ಉಳಿದಿದ್ದ ಸೀಟು ಅದೇ. ತರಗತಿಯಲ್ಲಿ ಹುಡುಗಿಯರು ನಾವು ಮೂವರು. ಬೇರೆಯವರೆಲ್ಲ ಡಾಕ್ಟರಾಗುವಾಗ ನಾನು ಕಲ್ಲು ಹೊರುತ್ತಿದ್ದೇನೆ ಎಂಬ ಹೊಟ್ಟೆಕಿಚ್ಚು ಮೊದಲ ವರ್ಷವಿಡೀ ಇತ್ತು. ಎಲ್ಲರಿಗಿಂತ ಹೆಚ್ಚು ಅಂಕ ತೆಗೆದು ತೋರಿಸಬೇಕೆಂಬ ಹಟವೂ ಅದರಿಂದಲೇ ಹುಟ್ಟಿತು. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಜಾಗದ ಭೂನಕ್ಷೆ ಮಾಡಿ ವರದಿ ಬರೆಯಬೇಕಿತ್ತು. ಅಷ್ಟರಲ್ಲಿ ನಾವು ಹೊಸ ಮನೆಗೆ ಬಂದಾಗಿತ್ತು. ದೂರದ ಊರಿಗೆ ಒಬ್ಬಳನ್ನೇ ಕಳಿಸಲು ಅಮ್ಮ ಒಪ್ಪಲಿಲ್ಲ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಬಂಡೆಯನ್ನೇ ಆರಿಸಿಕೊಂಡೆ.

ಡಿಸೆಂಬರ್ ರಜದಲ್ಲಿ ಮೂರು ವಾರ ಅಲ್ಲಿಗೆ ಹೋದೆ. ಕೈಯಲ್ಲಿ ಕಾಲೇಜಿನ ಸುತ್ತಿಗೆ, ಬಂಡೆಯ ಓರೆ ಅಳೆಯುವ ದಿಕ್ಸೂಚಿ, ಹೆಗಲಿಗೆ ಚೀಲ, ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ. ಮೇಸ್ತ್ರಿ ನನ್ನ ಗುರುತು ಹಿಡಿಯಲಿಲ್ಲ. ಅಪ್ಪನ ಮನೆಯ ಗುರುತು ಹೇಳಿದಾಗ ಮಾತ್ರ, "ಓ, ಮೂಲೆ ಸೈಟು! ಆ ಪಾಯಕ್ಕೆ ನಾನೇ ಆರಿಸಿ ಕೊಟ್ಟಿದ್ದು," ಎಂದು ನಕ್ಕರು.

ಮೊದಲೆರಡು ದಿನ ಅವರು ನನ್ನನ್ನು ದೂರದಿಂದ ನೋಡುತ್ತಿದ್ದರು. ಮೂರನೆಯ ದಿನ ನಾನು ಸುತ್ತಿಗೆಯಲ್ಲಿ ಒಂದು ಮೂಲೆ ಒಡೆಯಲು ಹೆಣಗುತ್ತಿದ್ದಾಗ ಬಂದು, "ಅಮ್ಮ, ಕಲ್ಲಿಗೂ ನರ ಇರುತ್ತೆ. ಅಡ್ಡ ಹೊಡೆದ್ರೆ ಕೈ ನೋಯುತ್ತೆ ಅಷ್ಟೆ," ಎಂದು, ತಾವೇ ಒಂದೇ ಏಟಿಗೆ ಅಂಗೈಯಗಲದ ಚೂರು ಎಬ್ಬಿಸಿ ಕೊಟ್ಟರು. ಅಂದಿನಿಂದ ಮಧ್ಯಾಹ್ನದ ಊಟದ ಹೊತ್ತಿಗೆ ನಾವು ಒಟ್ಟಿಗೆ ಕೂರುತ್ತಿದ್ದೆವು. ಅವರ ಹೆಂಡತಿ ಜಲ್ಲಿಯ ಸಾಲಿನಿಂದ ಎದ್ದು ಬಂದು ಮುದ್ದೆ, ಸೊಪ್ಪಿನ ಸಾರು ತೆಗೆಯುತ್ತಿದ್ದರು. ನನ್ನ ಚಿತ್ರಾನ್ನದಲ್ಲಿ ಅವರಿಗೂ ಪಾಲು ಇರುತ್ತಿತ್ತು.

ಮೇಸ್ತ್ರಿಯ ಅಪ್ಪ ಸೇಲಂ ಕಡೆಯಿಂದ ಇಲ್ಲಿಗೆ ಬಂದವರಂತೆ. ಆಗ ಬಂಡೆ ಹೊಲಗಳ ಮೇಲೆ ಆನೆಯ ಬೆನ್ನಿನ ಹಾಗೆ ಎದ್ದು ನಿಂತಿತ್ತು. ಅದರ ಮೇಲೆ ಊರಿನವರು ರಾಗಿ ಒಣಗಿಸುತ್ತಿದ್ದರು. ಒಂದು ಮೂಲೆಯಲ್ಲಿ ಅವರಪ್ಪ ಒರಳು, ಬೀಸುವ ಕಲ್ಲು ಕಡಿಯುತ್ತಿದ್ದರು. ಆಮೇಲೆ ನಗರ ಈ ಕಡೆಗೆ ಬೆಳೆಯತೊಡಗಿತು. ಬಂಡೆಯ ಮೇಲೆ ಸೌದೆ ಹರಡಿ ಉರಿ ಹಾಕುವುದು ಶುರುವಾಯಿತು. ಕಾದ ಮೇಲ್ಪದರ ಕೆಳಗಿನಿಂದ ಬಿಟ್ಟುಕೊಂಡು ಒಂದೇ ದಪ್ಪಕ್ಕೆ ಏಳುತ್ತದೆ. ಎಷ್ಟು ಹೊತ್ತು ಉರಿಸಬೇಕು, ಬೆಂಕಿಯನ್ನು ಯಾವಾಗ ಮುಂದಕ್ಕೆ ಎಳೆಯಬೇಕು ಎಂಬುದನ್ನು ಸುತ್ತಿಗೆಯ ಸದ್ದಿನಿಂದಲೇ ತಿಳಿಯಬೇಕು. ಜಯನಗರದ ಬ್ಲಾಕುಗಳು ಏಳುವಾಗ ಇಲ್ಲಿಂದ ಚರಂಡಿಯ ಚಪ್ಪಡಿ, ಬೇಲಿಯ ಕಲ್ಲುಕಂಬ, ಪಾಯದ ಕಲ್ಲು ಗಾಡಿಗಟ್ಟಲೆ ಹೋದವು. ಮೇಲಿನ ಕಲ್ಲು ಮುಗಿದ ಮೇಲೆ ಕೆಳಗಿಳಿದರು. ತೂತು ಕೊರೆದು ಮದ್ದು ತುಂಬುವ ಕಾಲ ಬಂತು.

"ಬೆಂಕಿ ಹಾಕ್ತಿದ್ದಾಗ ಕಲ್ಲು ಕೇಳಿ ಕೇಳಿ ಕೆಲಸ ಮಾಡ್ತಿದ್ವಿ," ಎಂದರು ಒಮ್ಮೆ. "ಮದ್ದು ಬಂದ್ಮೇಲೆ ಯಾರಿಗೂ ಕಿವಿ ಬೇಕಾಗಿಲ್ಲ."

ನಾನೂ ನನಗೆ ಗೊತ್ತಿದ್ದದ್ದು ಹೇಳುತ್ತಿದ್ದೆ. ಈ ಬೂದು ಕಲ್ಲಿಗೆ ನೈಸ್ ಎಂದು ಹೆಸರು, ಇದಕ್ಕೆ ಮುನ್ನೂರು ಕೋಟಿ ವರ್ಷ ವಯಸ್ಸು, ಭೂಮಿಯ ಆಳದಲ್ಲಿ ಬೆಂದು ಮಡಿಸಿಕೊಂಡದ್ದರಿಂದ ಈ ಪಟ್ಟೆಗಳು, ನಡುವಿನ ಗುಲಾಬಿ ಗೆರೆಗಳು ಆಮೇಲೆ ನುಗ್ಗಿದವು, ಅದೂ ಆದ ಎಷ್ಟೋ ಕಾಲಕ್ಕೆ ಒಂದು ಉದ್ದನೆಯ ಸೀಳಿನಲ್ಲಿ ಕರಗಿದ ಶಿಲೆ ಮೇಲೆದ್ದು ಬಂದು ಆರಿ ಈ ಕಪ್ಪು ಕಲ್ಲಾಯಿತು.

"ಮುನ್ನೂರು ಕೋಟಿನಾ?" ಮೇಸ್ತ್ರಿ ಹೆಂಡತಿಯ ಕಡೆ ತಿರುಗಿ, "ಕೇಳ್ದೇನೇ? ಅದಕ್ಕೇ ನಿನ್ನ ಕೈ ಹಿಂಗಾಗಿರೋದು," ಎಂದರು. ಆಕೆ ನಗಲಿಲ್ಲ. ಬೊಬ್ಬೆ ಗಟ್ಟಿಯಾಗಿದ್ದ ಅಂಗೈಯನ್ನು ಸೀರೆಗೆ ಒರೆಸಿಕೊಂಡು ಎದ್ದು ಹೋದರು.

ಆ ಕಪ್ಪು ಕಲ್ಲು ಪಶ್ಚಿಮದ ಗೋಡೆಯ ಬುಡದಲ್ಲಿ, ಒಂದಾಳು ಎತ್ತರಕ್ಕೆ, ಉದ್ದಕ್ಕೂ ಕಾಣುತ್ತಿತ್ತು. ಅದರ ಮೇಲೆ ಬೂದು ಕಲ್ಲಿನ ಗೋಡೆ. ಮೇಲಿನ ಅಂಚಿನಿಂದ ಎಂಬತ್ತು ಹೆಜ್ಜೆ ಹಿಂದೆ ನೆಲದಲ್ಲಿ ಒಂದು ಬಿರುಕು ಇತ್ತು. ಅದು ಬಂಡೆಯೊಳಗೆ ಓರೆಯಾಗಿ ಹಳ್ಳದ ಕಡೆಗೇ ಇಳಿದು, ಗೋಡೆಯ ಪಕ್ಕದಲ್ಲಿ ಒಂದು ಗೆರೆಯಾಗಿ ತೋರಿ, ಕಪ್ಪು ಕಲ್ಲಿನ ಹಿಂದೆ ಮರೆಯಾಗುತ್ತಿತ್ತು. ನಾನು ಅದರ ಓರೆ ಅಳೆದು ಬರೆದುಕೊಂಡೆ. ಇಪ್ಪತ್ತೇಳು ಡಿಗ್ರಿ.

ಮೇಸ್ತ್ರಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ಗೆರೆಗೆ ಬೆರಳು ಹಾಕಿ ಒಣಗಿದ ಜೇಡಿ ಮಣ್ಣು ಕೆರೆದು ತೆಗೆದರು.

"ಈ ಗೋಡೆ ನಿಂತಿಲ್ಲಮ್ಮ, ಒರಗಿಕೊಂಡಿದೆ. ಕರಿಕಲ್ಲು ತಡೆ ಕೊಟ್ಟಿರೋದಕ್ಕೆ ಸುಮ್ನಿದೆ."

ಎರಡು ಚಪ್ಪಟೆ ಕಲ್ಲು ಆರಿಸಿ, ನಡುವೆ ಆ ಮಣ್ಣಿಟ್ಟು ನನ್ನ ಕೈಗೆ ಕೊಟ್ಟರು. "ಓರೆ ಮಾಡಿ," ಎಂದರು. ಮಾಡಿದೆ. ಮೇಲಿನ ಕಲ್ಲು ಕದಲಲಿಲ್ಲ. ಚೊಂಬಿನಿಂದ ನೀರು ಸುರಿದು ಮಣ್ಣನ್ನು ನೆನೆಸಿ, "ಈಗ ಮಾಡಿ," ಎಂದರು. ಸ್ವಲ್ಪ ಓರೆ ಮಾಡುವಷ್ಟರಲ್ಲೇ ಮೇಲಿನ ಕಲ್ಲು ಜಾರಿ ನನ್ನ ಕಾಲ ಬಳಿ ಬಿತ್ತು.

"ಮಳೆಗಾಲದಲ್ಲಿ ಬೆಣ್ಣೆ ಇದು."

ನಾನು ಅದನ್ನು ಬರೆದುಕೊಳ್ಳಲಿಲ್ಲ. ನೋಟ್‌ಬುಕ್ಕು ತೊಡೆಯ ಮೇಲೇ ಇತ್ತು, ಪೆನ್ಸಿಲ್ ಕೈಯಲ್ಲೇ ಇತ್ತು. ಉಪಕರಣದಿಂದ ಅಳೆದದ್ದು ಮಾತ್ರ ಬರೆಯಬೇಕೆಂದು ನಮಗೆ ಹೇಳಿಕೊಟ್ಟಿದ್ದರು. ಚೊಂಬಿನ ನೀರನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಫೆಬ್ರವರಿಯಲ್ಲಿ ನಕ್ಷೆ ಮುಗಿಯಿತು. ಟ್ರೇಸಿಂಗ್ ಕಾಗದದ ಮೇಲೆ ಬೂದುಕಲ್ಲಿಗೆ ಗುಲಾಬಿ ಬಣ್ಣ, ಕರಿಕಲ್ಲಿಗೆ ಹಸಿರು. ಗಡಿಗಳನ್ನು ಕೊನೆಯ ಸಲ ತಾಳೆ ನೋಡಲು ಅದನ್ನು ತೆಗೆದುಕೊಂಡು ಹೋಗಿದ್ದ ದಿನ ಕಂಟ್ರಾಕ್ಟರ್ ಬಂದಿದ್ದರು. ಕ್ವಾರಿಯನ್ನು ಗುತ್ತಿಗೆಗೆ ಹಿಡಿದಿದ್ದವರು ಅವರು. ಸ್ಕೂಟರಿನಲ್ಲಿ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಹಿಂದೆಲ್ಲ ನನ್ನ ಕಡೆ ತಲೆಯಾಡಿಸಿ ಸುಮ್ಮನಾಗುತ್ತಿದ್ದವರು, ನಕ್ಷೆ ನೋಡಿ ಹತ್ತಿರ ಬಂದರು.

"ಮೇಡಂ, ಈ ಹಸಿರು ಬಣ್ಣ ಬ್ಲ್ಯಾಕ್ ಸ್ಟೋನಾ?"

ಅದುವರೆಗೆ ನನ್ನನ್ನು ಯಾರೂ ಮೇಡಂ ಎಂದು ಕರೆದಿರಲಿಲ್ಲ.

"ಹೌದು ಸಾರ್. ಡಾಲರೈಟ್."

"ಈಗ ಅದಕ್ಕೇ ಬೇಡಿಕೆ. ಪಾಲಿಶ್ ಮಾಡಿ ಫಾರಿನ್‌ಗೆ ಕಳಿಸ್ತಾರೆ, ಸಮಾಧಿ ಕಲ್ಲಿಗೆ. ಇದು ಒಳಗೆ ಎಷ್ಟು ದೂರ ಹೋಗುತ್ತೆ? ಹೇಳಕ್ಕಾಗುತ್ತಾ?"

ಹೇಳಲು ಬರುತ್ತಿತ್ತು. ಅದನ್ನೇ ನಾನು ಮೂರು ವರ್ಷ ಓದಿದ್ದು. ಕಾಗದದ ಹಿಂಬದಿಯಲ್ಲಿ ನೆಲವನ್ನು ಅಡ್ಡ ಕತ್ತರಿಸಿದರೆ ಕಾಣುವಂಥ ಚಿತ್ರ ಬರೆದು ತೋರಿಸಿದೆ: ಕರಿಕಲ್ಲಿನ ಪಟ್ಟಿ ಪಶ್ಚಿಮದ ಗೋಡೆಯ ಕೆಳಗೇ ಇಳಿಯುತ್ತದೆ, ದಪ್ಪ ಇಷ್ಟು, ಕೆಳಗೆ ಹೋದಂತೆ ಬಿರುಕು ಕಡಿಮೆ, ದೊಡ್ಡ ದಿಮ್ಮಿಗಳು ಸಿಗಬಹುದು. ಅವರು ಪ್ರತಿ ಮಾತಿಗೂ "ಹೌದಾ, ಹೌದಾ" ಎನ್ನುತ್ತಿದ್ದರು. ನನ್ನ ದನಿ ತಾನೇ ದೊಡ್ಡದಾಗುತ್ತಿತ್ತು.

ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ, "ಅಮ್ಮ, ಗೋಡೆ ವಿಷಯ ಹೇಳಿ," ಎಂದರು.

ಕಂಟ್ರಾಕ್ಟರ್ ನನ್ನನ್ನು ನೋಡಿದರು. "ಇವನು ಇದನ್ನೇ ಹೇಳ್ತಿರ್ತಾನೆ. ಬೀಳುತ್ತಾ ಮೇಡಂ ಅದು?"

ನನ್ನ ಮುಂದೆ ಪುಸ್ತಕದ ಪುಟ ಕಾಣುತ್ತಿತ್ತು. ಮೂವತ್ತು ಡಿಗ್ರಿಗಿಂತ ಕಡಿಮೆ ಓರೆಯ ಬಿರುಕಿನ ಮೇಲೆ ಬಂಡೆ ಸಾಮಾನ್ಯವಾಗಿ ಜಾರುವುದಿಲ್ಲ.

"ಬಿರುಕು ಇದೆ. ಆದರೆ ಅದರ ಓರೆ ಕಮ್ಮಿ. ಇಪ್ಪತ್ತೇಳೇ ಡಿಗ್ರಿ. ಜಾರೋ ಅಷ್ಟಿಲ್ಲ," ಎಂದೆ.

"ಕೇಳಿಸ್ತೇನಯ್ಯ? ಓದಿದೋರು ಹೇಳ್ತಿದಾರೆ."

ಮೇಸ್ತ್ರಿ ನನ್ನ ಮುಖ ನೋಡಿದರು. ಜಗಳವಾಡಲಿಲ್ಲ. "ಆಯ್ತು ಸಾರ್," ಎಂದು ಹಳ್ಳಕ್ಕೆ ಇಳಿದು ಹೋದರು. ಆ ಪುಸ್ತಕದ ವಾಕ್ಯದಲ್ಲಿ 'ಒಣಗಿದ್ದಾಗ' ಎಂಬ ಪದವೂ ಇತ್ತು. ಅದನ್ನು ನಾನು ಹೇಳಲಿಲ್ಲ. ಮರೆತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಮೇಡಂ ಎಂದವರ ಮುಂದೆ, ಹಾಗೂ ಇರಬಹುದು ಹೀಗೂ ಇರಬಹುದು ಎನ್ನಲು ಮನಸ್ಸು ಬರಲಿಲ್ಲ.

ವರದಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಪರೀಕ್ಷೆ ಮುಗಿಸಿ ಮೇ ತಿಂಗಳಲ್ಲಿ ಒಂದು ಸಂಜೆ ಸುಮ್ಮನೆ ಆ ಕಡೆ ಹೋದೆ. ಪಶ್ಚಿಮದ ಗೋಡೆಯ ಬುಡದಲ್ಲಿ ಕರಿಕಲ್ಲನ್ನು ತೆಗೆದು ತೆಗೆದು, ಮನುಷ್ಯ ನಿಂತು ಒಳಗೆ ಹೋಗುವಷ್ಟು ಗೂಡು ಮಾಡಿದ್ದರು. ಕೊರೆಯುವ ಯಂತ್ರ ಬಂದಿತ್ತು. ಅದನ್ನು ನಡೆಸಲು ಹೊಸ ಕೆಲಸದವರು ಇಬ್ಬರು. ಮೇಸ್ತ್ರಿ ನನ್ನನ್ನು ಕಂಡು ಇಳಿಜಾರು ಹತ್ತಿ ಬಂದರು.

"ಅಮ್ಮ, ನೀವು ಒಂದು ಸಲ ಅವರಿಗೆ ಹೇಳಿ. ಮಳೆ ಶುರುವಾಗೋಕೆ ಮುಂಚೆ ಅಲ್ಲಿ ಕೆಲಸ ನಿಲ್ಸಕ್ಕೆ ಹೇಳಿ. ನಾನು ಹೇಳಿದ್ರೆ ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾರೆ."

"ಹೇಳ್ತೀನಿ ಮೇಸ್ತ್ರಿ," ಎಂದೆ.

ಹೋಗಲಿಲ್ಲವೆಂದಲ್ಲ. ಮೂರು ದಿನ ಬಿಟ್ಟು ಜಯನಗರದಲ್ಲಿದ್ದ ಕಂಟ್ರಾಕ್ಟರ್ ಮನೆಗೆ ಹೋದೆ. ಅವರು ಊರಲ್ಲಿರಲಿಲ್ಲ. ಅವರ ಹೆಂಡತಿ ಕೂರಿಸಿ ಕಾಫಿ ಕೊಟ್ಟರು. ಏನಾದರೂ ಹೇಳಬೇಕಿತ್ತಾ ಎಂದು ಕೇಳಿದರು. ಒಂದು ಚೀಟಿ ಬರೆದಿಟ್ಟು ಬರಬಹುದಿತ್ತು. ಆದರೆ ಏನೆಂದು ಬರೆಯುವುದು? ಫೆಬ್ರವರಿಯಲ್ಲಿ ಹೇಳಿದ್ದು ತಪ್ಪು ಎಂದು ಬರೆಯಬೇಕಿತ್ತು. "ಏನಿಲ್ಲ, ಮತ್ತೆ ಬರ್ತೀನಿ," ಎಂದು ಎದ್ದೆ. ಆಮೇಲೆ ಎಂ.ಎಸ್ಸಿ. ಅರ್ಜಿ, ಅಂಕಪಟ್ಟಿಯ ಓಡಾಟ. ಮತ್ತೆ ಹೋಗಲಿಲ್ಲ.

ಜುಲೈನಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ಐದನೆಯ ದಿನ ಬೆಳಿಗ್ಗೆ ಗೋಡೆ ಜಾರಿತು.

ಆ ಸುದ್ದಿ ಮನೆಗೆ ತಂದವರು ಅಪ್ಪ. ಪಕ್ಕದ ಸೈಟಿಗೆ ಜಲ್ಲಿ ತಂದ ಲಾರಿಯವನು ಹೇಳಿದನಂತೆ. ಬೆಳಿಗ್ಗೆ ಕೆಲಸಕ್ಕೆ ಇಳಿದಾಗ ಬಿರುಕಿನಿಂದ ತಿಳಿನೀರು ಜಿನುಗುತ್ತಿತ್ತು. ಹತ್ತು ಗಂಟೆ ಹೊತ್ತಿಗೆ ಒಳಗಿನ ಜೇಡಿ ಮಣ್ಣು ಕದಡಿ ಅದು ಕೆಂಪಗಾಯಿತು. ಮೇಸ್ತ್ರಿ ಅದನ್ನು ಕಂಡವರೇ ಎಲ್ಲರಿಗೂ ಮೇಲೆ ಹತ್ತಿ ಎಂದು ಕೂಗಿದರು. ಕೆಳಗಿದ್ದ ಕಲ್ಲು ಕೆಲಸದವರು, ಲೋಡಿನವರು ಎಲ್ಲ ಮೇಲಕ್ಕೆ ಓಡಿದರು. ಗೂಡಿನೊಳಗೆ ಯಂತ್ರ ನಡೆಸುತ್ತಿದ್ದ ಇಬ್ಬರಿಗೆ ಅದರ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಮೇಸ್ತ್ರಿ ಇಳಿದು ಹೋಗಿ ಅವರನ್ನು ಎಳೆದು ಹೊರಗೆ ತಳ್ಳಿದರು. ಅವರಿಬ್ಬರಿಗೆ ತರಚು ಗಾಯ ಮಾತ್ರ. ಹಿಂದೆ ಬರುತ್ತಿದ್ದ ಮೇಸ್ತ್ರಿಯ ಬಲಗಾಲು ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ಅದನ್ನು ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆದರು.

"ಪಾಪ, ಎಂಥಾ ಮನುಷ್ಯ," ಎಂದರು ಅಪ್ಪ. "ನಿನಗೂ ಎಷ್ಟು ಸಹಾಯ ಮಾಡಿದ್ರು, ಅಲ್ವೇನೇ? ಹೋಗಿ ನೋಡ್ಕೊಂಡು ಬಾ."

ಮೂಸಂಬಿ ಕೊಂಡು ಆಸ್ಪತ್ರೆಯ ಗೇಟಿನವರೆಗೆ ಹೋದೆ. ಒಳಗೆ ಹೋಗುವವರು, ಹೊರಗೆ ಬರುವವರು ಎಲ್ಲ ನನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ಅರ್ಧ ಗಂಟೆ ನಿಂತು, ಬಸ್ಸು ಹಿಡಿದು ವಾಪಸ್ಸು ಬಂದೆ. ಹಣ್ಣಿನ ಚೀಲವನ್ನು ಬಸ್ಸಿನಲ್ಲೇ ಬಿಟ್ಟು ಇಳಿದೆ. ಹೇಗಿದ್ದಾರೆ ಎಂದು ಅಪ್ಪ ಕೇಳಿದಾಗ, ಪರವಾಗಿಲ್ಲ ಎಂದೆ. ಅಪ್ಪನಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದೊಂದೇ. ನಿಜ ಹೇಳುವ ಮೊದಲೇ ಅಪ್ಪ ತೀರಿಕೊಂಡರು.

ದೀಪಾವಳಿ ಕಳೆದ ಮೇಲೆ, ಇನ್ನು ತಡೆಯಲಾರದೆ, ಕ್ವಾರಿಯಲ್ಲಿ ಲೋಡಿನ ಕೆಲಸ ಮಾಡುತ್ತಿದ್ದ ಒಬ್ಬರಲ್ಲಿ ಮೇಸ್ತ್ರಿಯ ಮನೆ ವಿಚಾರಿಸಿ ಅರೆಕೆರೆಗೆ ಹೋದೆ. ಊರಿನ ಹೊರಗೆ ಒಂದು ಹೆಂಚಿನ ಮನೆ. ಮೇಸ್ತ್ರಿ ಅಂಗಳದಲ್ಲಿ ಗೋಣಿಯ ಮೇಲೆ ಕೂತು ಒರಳು ಕಡಿಯುತ್ತಿದ್ದರು. ಪಂಚೆಯ ಒಂದು ಬದಿ ಮಡಿಸಿ ಸಿಕ್ಕಿಸಿತ್ತು. ನನ್ನನ್ನು ನೋಡಿ ಉಳಿ ಕೆಳಗಿಟ್ಟರು.

"ಬನ್ನಿ ಅಮ್ಮ. ಪಾಸಾಯ್ತಾ?"

"ಆಯ್ತು."

"ಫಸ್ಟ್ ಕ್ಲಾಸಾ?"

ತಲೆಯಾಡಿಸಿದೆ. ಅವರಿಗೆ ನಿಜವಾಗಿ ಸಂತೋಷವಾಯಿತು. ನನಗೆ ಅದನ್ನು ನೋಡಲಾಗಲಿಲ್ಲ.

"ಮೇಸ್ತ್ರಿ, ಅವತ್ತು ನಾನು ಹೇಳಿದ್ದು ತಪ್ಪು. ನೀವು ತೋರಿಸಿದ್ರಿ, ನನಗೆ ಗೊತ್ತಿತ್ತು. ಆದ್ರೂ ಹಂಗೆ ಹೇಳ್ಬಿಟ್ಟೆ."

ಅವರು ಒರಳಿನ ಗುಳಿಯಲ್ಲಿ ಕೈಯಾಡಿಸಿ ಕಲ್ಲಿನ ಪುಡಿ ತೆಗೆದರು.

"ನಾನು ಅವತ್ತು ಜಗಳ ಮಾಡ್ಬೇಕಿತ್ತಮ್ಮ," ಎಂದರು. "ನೀವು ಹೇಳಿದ ಮೇಲೆ, ಇರಬಹುದೇನೋ, ನನಗೇ ತಿಳೀದೇನೋ ಅಂತ ಒಂದು ಗಳಿಗೆ ಅನ್ನಿಸ್ತು. ಅಷ್ಟು ವರ್ಷ ಕೆಲಸ ಮಾಡಿ ನನಗೆ ನನ್ನ ಕಿವಿ ಮೇಲೆ ನಂಬಿಕೆ ಹೋಯ್ತಲ್ಲ, ಅದೇ ಬೇಜಾರು."

ಬೈದಿದ್ದರೆ ಸಹಿಸಬಹುದಿತ್ತು. ನನಗೆ ಅಳು ಬಂತು. ಅವರು, "ಅಳಬೇಡಿ ಅಮ್ಮ, ಪ್ರಾಣ ಯಾರದೂ ಹೋಗಿಲ್ಲವಲ್ಲ," ಎಂದರು. ಅವರ ಹೆಂಡತಿ ಟೀ ತಂದು ನನ್ನ ಮುಂದಿಟ್ಟರು. ಹೊರಟಾಗ ಬೇಲಿಯವರೆಗೆ ನನ್ನ ಜೊತೆ ಬಂದರು.

"ಇನ್ನೊಂದ್ ಸಲ ಬರಬೇಡಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಕ್ವಾರಿ ಕಡೆಯಿಂದ ಯಾರೇ ಬರಲಿ, ಅವರು ಹೋದ್ಮೇಲೆ ಇವರು ಎರಡು ದಿನ ಸರಿಯಾಗಿ ಊಟ ಮಾಡಲ್ಲ. ನಿಮಗೆ ಹೇಳ್ಕೊಂಡ್ರೆ ಹಗುರ ಆಗುತ್ತೆ. ಇವರಿಗೆ ಆಗಲ್ಲ."

ಆಕೆಯ ಮಾತನ್ನು ನಾನು ಪಾಲಿಸಿದೆ. ಪಾಲಿಸುವುದು ಸುಲಭವೂ ಆಗಿತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಕ್ವಾರಿಯಲ್ಲಿ ಮತ್ತೆ ಕೆಲಸ ನಡೆಯಲಿಲ್ಲ. ಹಳ್ಳದ ನೀರೆತ್ತುತ್ತಿದ್ದ ಪಂಪು ನಿಲ್ಲಿಸಿದ ಮೇಲೆ ಎರಡು ಮಳೆಗಾಲದಲ್ಲಿ ಅರ್ಧ ತುಂಬಿತು. ಹಸಿರು ನೀರಿನಲ್ಲಿ ಜಾರಿದ ಬಂಡೆಯ ಮೂಲೆಯೊಂದು ಮಾತ್ರ ಮೇಲೆ ಕಾಣುತ್ತಿತ್ತು. ಕಂಟ್ರಾಕ್ಟರ್ ಬೇರೆ ಕಡೆ ಕರಿಕಲ್ಲು ಹುಡುಕಿಕೊಂಡರೆಂದು ಕೇಳಿದೆ. ನಾನು ಎಂ.ಎಸ್ಸಿ. ಮುಗಿಸಿ ನಾನು ಓದಿದ ಕಾಲೇಜಿಗೇ ಉಪನ್ಯಾಸಕಿಯಾದೆ. ಎಂಬತ್ತರ ದಶಕದ ಕೊನೆಗೆ ಸುತ್ತ ಲೇಔಟುಗಳು ಬಂದು, ಒಡೆದ ಮನೆಗಳ ಇಟ್ಟಿಗೆ, ಮಣ್ಣು, ಕಸ ಎಲ್ಲ ಲಾರಿಗಳಲ್ಲಿ ಬಂದು ಆ ಹಳ್ಳಕ್ಕೆ ಬಿದ್ದವು. ಮಟ್ಟ ಮಾಡಿ ಸೈಟಿನ ಕಲ್ಲು ನೆಟ್ಟರು. ಅಲ್ಲಿ ಬಂಡೆ ಇತ್ತು, ಬಂಡೆಯ ಜಾಗದಲ್ಲಿ ಹಳ್ಳ ಇತ್ತು ಎನ್ನಲು ಗುರುತೇ ಇಲ್ಲ.

ಅದೇ ಸುಮಾರಿನಲ್ಲಿ ಒಬ್ಬ ವಿದ್ಯಾರ್ಥಿನಿ ಮಾದರಿಗೆಂದು ಹಳೆಯ ವರದಿಯೊಂದನ್ನು ಗ್ರಂಥಾಲಯದಿಂದ ತಂದು ನನ್ನ ಮೇಜಿನ ಮೇಲಿಟ್ಟಳು. ನನ್ನದೇ. ನಕ್ಷೆಯ ಬಣ್ಣಗಳು ಮಾಸಿರಲಿಲ್ಲ. ಬಿರುಕಿನ ಅಳತೆ ಸರಿಯಾಗಿಯೇ ಇತ್ತು. ಪಕ್ಕದಲ್ಲಿ ನನ್ನ ಗುಂಡು ಅಕ್ಷರದಲ್ಲಿ 'ಸ್ಥಿರ' ಎಂದಿತ್ತು. ಮೊದಲ ಪುಟದ ಕೃತಜ್ಞತೆಯಲ್ಲಿ ನಮ್ಮ ಪ್ರಾಧ್ಯಾಪಕರಿದ್ದರು, ಅಪ್ಪ ಅಮ್ಮ ಇದ್ದರು, ಪ್ರವೇಶಕ್ಕೆ ಅನುಮತಿ ಕೊಟ್ಟ ಕಂಟ್ರಾಕ್ಟರ್ ಇದ್ದರು. ಮೇಸ್ತ್ರಿ ಇರಲಿಲ್ಲ.

ಮಾರನೆಯ ದಿನ ಅರೆಕೆರೆಗೆ ಹೋದೆ. ಹೆಂಚಿನ ಮನೆಯಲ್ಲಿ ಬೇರೆ ಸಂಸಾರವಿತ್ತು. ಪಕ್ಕದ ಮನೆಯ ಹೆಂಗಸು ಬಟ್ಟೆ ಒಣಗಿಸುತ್ತಿದ್ದವರು ತಿರುಗಿ ನೋಡಿದರು.

"ಒಂಟಿ ಕಾಲಿನ ಮೇಸ್ತ್ರಿನಾ? ಅವರು ಹೋಗಿ ಎರಡು ವರ್ಷ ಆಯ್ತಲ್ಲ ಮೇಡಂ. ಈಗ ಎಲ್ಲರ ಮನೇಲೂ ಮಿಕ್ಸಿ, ಗ್ರೈಂಡರು. ಒರಳು ಯಾರು ತಗೋತಾರೆ? ಸೇಲಂ ಕಡೆ ಯಾರೋ ನೆಂಟರಿದ್ದಾರೆ ಅಂತ ಹೋದ್ರು."

"ವಿಳಾಸ ಏನಾದ್ರೂ ಇದೆಯಾ?"

"ಇಲ್ಲ ಮೇಡಂ."

"ಅವರ ಹೆಸರು?"

ಆಕೆ ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದು ಯೋಚಿಸಿದರು. ಮನೆಯೊಳಗಿದ್ದ ಗಂಡನನ್ನೂ ಕೂಗಿ ಕೇಳಿದರು. ಅವರಿಗೂ ಗೊತ್ತಿರಲಿಲ್ಲ.

"ಎಲ್ಲರೂ ಮೇಸ್ತ್ರಿ ಅಂತಲೇ ಕರೀತಿದ್ವಿ. ನಿಮಗೆ ಗೊತ್ತಿಲ್ವಾ ಮೇಡಂ?"

ಮೂರು ವಾರ ಅವರ ಪಕ್ಕದಲ್ಲಿ ಕೂತು ಊಟ ಮಾಡಿದ್ದೆ. ಆ ಕಲ್ಲಿನ ವಯಸ್ಸು, ಹೆಸರು, ಅದರೊಳಗಿನ ಖನಿಜಗಳ ಹೆಸರು ಎಲ್ಲ ಅವರಿಗೆ ಹೇಳಿದ್ದೆ. ಅವರ ಹೆಸರು ಕೇಳಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ, ಬಸ್‌ಸ್ಟಾಪಿನ ಕಡೆ ನಡೆದೆ.